ಹಾಡುಹಕ್ಕಿಯ ಗೂಡಿನಲ್ಲಿ ಮೊಟ್ಟೆಗಳ ತಾರತಮ್ಯ

ಮುಂಗಾರು ಮಳೆ ನೆಲೆನಿಂತು, ವಿಶ್ವೇಶ್ವರಯ್ಯ ನಾಲೆಗೆ ನೀರು ಹರಿದು, ಶ್ರೀರಂಗಪಟ್ಟಣ ಮತ್ತು ಪಾಂಡವಪುರ ತಾಲ್ಲೂಕುಗಳ ಗದ್ದೆಬಯಲು ಹಸುರೇರುವ ಕಾಲಕ್ಕೆ ನಾಲೆಯಂಚಿನ ಜಾಲಿ, ಈಚಲು, ತೆಂಗಿನ ಮರಗಳಲ್ಲಿ ಗೀಜಗನ ಗೂಡುಗಳು ತೂಗತೊಡಗುತ್ತವೆ. ಕೃಷ್ಣರಾಜಪೇಟೆಯ ಹೇಮಾವತಿ ದಂಡೆಯಲ್ಲಿಯೂ, ನಾಗಮಂಗಲದ ಬೆದ್ದಲು ಸೀಮೆಯ ಬಾವಿಗಳ ಮೇಲೆ ಬಾಗಿದ ಕೊಂಬೆಗಳಲ್ಲಿಯೂ ಇದೇ ನೋಟ. ಭತ್ತದ ಎಲೆಯನ್ನೋ ಕಬ್ಬಿನ ಗರಿಯನ್ನೋ ಎಳೆಯೆಳೆಯಾಗಿ ಸೀಳಿ ತಂದು ನೇಯುವ ಗಂಡುಹಕ್ಕಿಯ ಕೌಶಲವನ್ನು ಮೆಚ್ಚದವರಿಲ್ಲ. ಆದರೆ ಆ ಗೂಡಿನ ಕತ್ತಲೆಯಲ್ಲಿ ಹೆಣ್ಣುಹಕ್ಕಿ ನಡೆಸುವ ಕೆಲಸ ಅದಕ್ಕಿಂತ ಸೋಜಿಗದ್ದು. ಒಂದೇ ಮರ, ಒಂದೇ ಮಳೆ, ಒಂದೇ ಬಯಲಿನ ಕಾಳು; ಆದರೂ ಒಂದು ಗೂಡಿನಲ್ಲಿ ಎರಡು ಮೊಟ್ಟೆಗಳಿದ್ದರೆ ಮಗ್ಗುಲ ಗೂಡಿನಲ್ಲಿ ಮೂರು, ಮತ್ತೊಂದರಲ್ಲಿ ನಾಲ್ಕು ಇರುವುದುಂಟು. ಒಂದರ ಮೊಟ್ಟೆ ದಪ್ಪ, ಇನ್ನೊಂದರದು ಚಿಕ್ಕದು.

ನಾಲ್ಕಿಟ್ಟ ಹಕ್ಕಿ ಸಮರ್ಥ, ಎರಡಿಟ್ಟದ್ದು ದುರ್ಬಲ ಎಂಬ ತೀರ್ಪು ನೋಡುವವರ ಮನಸ್ಸಿಗೆ ಸುಲಭವಾಗಿ ಬಂದುಬಿಡುತ್ತದೆ. ಈ ತಾರತಮ್ಯದ ಬೇರುಗಳನ್ನು ಅಣುಗಳ ಮಟ್ಟದಲ್ಲಿ ಅರಸಿದ ಜೀವವಿಜ್ಞಾನ ಈ ತೀರ್ಪು ಅವಸರದ್ದೆಂದು ತೋರಿಸಿಕೊಟ್ಟಿದೆ. ಅದು ಹೇಗೆಂಬುದೇ ಇಲ್ಲಿಯ ವಿವೇಚನೆಯ ವಿಷಯ.

ಹಾಡುಹಕ್ಕಿಗಳು ಯಾವುವು?

ಈ ನಾಲ್ಕು ತಾಲ್ಲೂಕುಗಳಲ್ಲಿ ಪಕ್ಷಿಗಳೆಂದೊಡನೆ ನೆನಪಾಗುವುದು ರಂಗನತಿಟ್ಟು. ಕಾವೇರಿಯ ನಡುಗಡ್ಡೆಗಳ ಈ ತಾಣ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾಯಿತು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ನವಿಲುಧಾಮ 1981ರದು. ಆದರೆ ರಂಗನತಿಟ್ಟಿನ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳಾಗಲಿ ಚುಂಚನಗಿರಿಯ ನವಿಲಾಗಲಿ ಹಾಡುಹಕ್ಕಿಗಳ ಗುಂಪಿಗೆ ಸೇರಿದವಲ್ಲ. ಉಸಿರುನಾಳದ ಬುಡದಲ್ಲಿರುವ ಧ್ವನಿಯಂಗದ ಸೂಕ್ಷ್ಮ ಸ್ನಾಯುಗಳಿಂದ ಬಗೆಬಗೆಯ ಸ್ವರ ಹೊರಡಿಸಬಲ್ಲ ಒಂದು ದೊಡ್ಡ ಬಳಗಕ್ಕೆ ಈ ಹೆಸರು. ಗೀಜಗ, ಗುಬ್ಬಚ್ಚಿ, ಪಿಕಳಾರ, ಗೊರವಂಕ, ಸೂರಕ್ಕಿ, ಭತ್ತದ ತೆನೆಗೆ ಮುತ್ತುವ ರಾಟವಾಳ, ರಂಗನತಿಟ್ಟಿನ ಬಂಡೆಗಳಿಗೆ ಮಣ್ಣಿನ ಗೂಡು ಅಂಟಿಸುವ ಅಂಬರಗುಬ್ಬಿ ಇವೆಲ್ಲ ಈ ಬಳಗದವು. ಕರ್ಕಶ ಕಂಠದ ಕಾಗೆಯೂ ಶಾಸ್ತ್ರದ ಪ್ರಕಾರ ಹಾಡುಹಕ್ಕಿಯೇ.

ಮೊಟ್ಟೆಯ ಉತ್ಪಾದನೆಯ ಬಗೆಗೆ ಹೆಚ್ಚಿನ ಪ್ರಯೋಗಗಳು ನಡೆದಿರುವುದು ಈ ಬಳಗದ ಎರಡು ಹೊರನಾಡಿನ ಹಕ್ಕಿಗಳ ಮೇಲೆ. ಒಂದು ಆಸ್ಟ್ರೇಲಿಯಾ ಮೂಲದ ಜೀಬ್ರಾ ಫಿಂಚ್. ಇದು ನಮ್ಮ ರಾಟವಾಳದ ಕುಟುಂಬಕ್ಕೇ ಸೇರಿದುದು. ಇನ್ನೊಂದು ಯೂರೋಪಿನ ಸ್ಟಾರ್ಲಿಂಗ್. ಇದು ನಮ್ಮ ಗೊರವಂಕದ ದಾಯಾದಿ. ಆದುದರಿಂದ ದೂರದ ಪ್ರಯೋಗಶಾಲೆಗಳಲ್ಲಿ ತಿಳಿದುಬಂದ ಸಂಗತಿಗಳು ನಮ್ಮ ಗದ್ದೆಬಯಲಿನ ಹಕ್ಕಿಗಳಿಗೆ ಹೊರಗಿನವೇನೂ ಅಲ್ಲ.

ಮೊಟ್ಟೆ ರೂಪುಗೊಳ್ಳುವ ಬಗೆ

ಹೆಣ್ಣುಹಕ್ಕಿಯಲ್ಲಿ ಸಾಮಾನ್ಯವಾಗಿ ಎಡಮಗ್ಗುಲಿನ ಅಂಡಾಶಯವೊಂದೇ ಬೆಳೆಯುತ್ತದೆ. ವರ್ಷದ ಬಹುಕಾಲ ಅದು ಕುಗ್ಗಿ, ಸಾಸಿವೆಗಿಂತ ಚಿಕ್ಕದಾದ ಅಂಡಚೀಲಗಳ ಗೊಂಚಲಿನಂತಿರುತ್ತದೆ. ಸಂತಾನಕಾಲ ಬಂದೊಡನೆ ಕೆಲವು ಚೀಲಗಳು ಒಂದರ ಹಿಂದೊಂದು ಹಳದಿ ಲೋಳೆಯನ್ನು ತುಂಬಿಕೊಳ್ಳುತ್ತ ಮೂರುನಾಲ್ಕು ದಿನಗಳಲ್ಲಿ ಪೂರ್ಣ ಗಾತ್ರಕ್ಕೆ ಬೆಳೆಯುತ್ತವೆ. ದಿನಕ್ಕೊಂದರಂತೆ ಅಂಡ ಬಿಡುಗಡೆಯಾಗಿ, ಅಂಡನಾಳದಲ್ಲಿ ಬಿಳಿ ಲೋಳೆಯ ಹೊದಿಕೆ ಪಡೆದು, ದಿನದ ಬಹುಭಾಗವನ್ನು ಚಿಪ್ಪು ಕಟ್ಟುವ ಗ್ರಂಥಿಯಲ್ಲಿ ಕಳೆದು, ಮಾರನೆಯ ಬೆಳಗಿನ ಜಾವದ ಹೊತ್ತಿಗೆ ಮೊಟ್ಟೆಯಾಗಿ ಹೊರಬರುತ್ತದೆ. ಅಷ್ಟರಲ್ಲಿ ಹಿಂದಿನ ಸಾಲಿನ ಅಂಡ ಸಿದ್ಧವಾಗಿರುತ್ತದೆ.

ಈ ಕಾರ್ಯದಲ್ಲಿ ಮೆದುಳು, ಪಿಟ್ಯೂಟರಿ ಗ್ರಂಥಿ, ಅಂಡಾಶಯ, ಯಕೃತ್ತು, ಅಂಡನಾಳ ಇವೆಲ್ಲವೂ ಪಾಲುಗೊಳ್ಳುತ್ತವೆ. ಇದನ್ನು ನೀರಾವರಿಯ ಏರ್ಪಾಟಿಗೆ ಹೋಲಿಸಬಹುದು. ಅಣೆಕಟ್ಟಿನ ಬಾಗಿಲು ತೆರೆಯಬೇಕು, ನಾಲೆಯಲ್ಲಿ ನೀರು ಹರಿಯಬೇಕು, ತೂಬು ಬಿಗಿದುಕೊಂಡಿರಬಾರದು, ಕೊನೆಗೆ ಗದ್ದೆ ಆ ನೀರನ್ನು ಹಿಡಿದಿಟ್ಟುಕೊಳ್ಳಬೇಕು. ನಾಲೆ ತುಂಬಿ ಹರಿದ ಮಾತ್ರಕ್ಕೆ ಕೊನೆಯ ಗದ್ದೆಗೆ ನೀರು ಮುಟ್ಟಿತೆಂದು ಹೇಳಲಾಗದೆಂಬುದನ್ನು ಈ ಸೀಮೆಯ ರೈತನಿಗೆ ಯಾರೂ ಕಲಿಸಬೇಕಿಲ್ಲ. ಹಕ್ಕಿಯ ಒಡಲಿನಲ್ಲಿಯೂ ಹೀಗೆಯೇ. ಒಂದೊಂದು ಹಂತದಲ್ಲಿಯೂ ಒಂದೊಂದು ಹಕ್ಕಿಯ ಅಣುವ್ಯವಸ್ಥೆ ತುಸು ಭಿನ್ನ. ಮೊಟ್ಟೆಗಳ ಲೆಕ್ಕದಲ್ಲಿ ಕಾಣುವ ಭೇದ ಈ ಭಿನ್ನತೆಗಳ ಒಟ್ಟು ಫಲ.

ಅಣೆಕಟ್ಟಿನ ಬಾಗಿಲು: ಮೆದುಳು

ಸಂತಾನಕಾಲ ಬಂದಿತೆಂಬುದನ್ನು ಹಕ್ಕಿ ಅರಿಯುವುದು ಮುಖ್ಯವಾಗಿ ಹಗಲಿನ ಉದ್ದದಿಂದ. ತಲೆಬುರುಡೆಯನ್ನು ತೂರಿ ಬರುವ ಬೆಳಕನ್ನು ಮೆದುಳಿನ ಆಳದಲ್ಲಿರುವ ಬೆಳಕುಗ್ರಾಹಕ ಪ್ರೋಟೀನುಗಳು ಗುರುತಿಸುತ್ತವೆ. ಅಲ್ಲಿ ಥೈರಾಯ್ಡ್ ಹಾರ್ಮೋನನ್ನು ಚುರುಕುಗೊಳಿಸುವ ಕಿಣ್ವ ಹೆಚ್ಚುವುದನ್ನು ಜಪಾನಿನ ಸಂಶೋಧಕರು ಕ್ವೇಲ್ ಹಕ್ಕಿಗಳಲ್ಲಿ 2003ರಲ್ಲಿ ತೋರಿಸಿದರು. ಅದರ ಪರಿಣಾಮವಾಗಿ ಮೆದುಳಿನ ನರಕೋಶಗಳು ಸಂತಾನಚೋದಕವನ್ನು ಸ್ರವಿಸುತ್ತವೆ. ಪಿಟ್ಯೂಟರಿ ಎಚ್ಚೆತ್ತು ಅಂಡಾಶಯಕ್ಕೆ ಆಜ್ಞೆ ಕಳಿಸುತ್ತದೆ. ಬಾಗಿಲು ತೆರೆಯುವ ಅಣುವಿರುವಂತೆ ಮುಚ್ಚುವ ಅಣುವೂ ಉಂಟು. ಪಿಟ್ಯೂಟರಿಯ ಸಂತಾನ ಹಾರ್ಮೋನುಗಳನ್ನು ತಡೆಹಿಡಿಯುವ ಒಂದು ಪುಟ್ಟ ಪೆಪ್ಟೈಡನ್ನು ಜಪಾನಿನ ವಿಜ್ಞಾನಿಗಳು ಕ್ವೇಲ್‌ನಲ್ಲಿಯೇ 2000ದಲ್ಲಿ ಕಂಡುಹಿಡಿದರು. ಈ ಎರಡರ ತೂಕದಲ್ಲಿ ಹಕ್ಕಿಯಿಂದ ಹಕ್ಕಿಗೆ ವ್ಯತ್ಯಾಸವಿದ್ದರೆ, ಒಂದು ಮೊದಲೇ ಗೂಡು ಹೂಡುತ್ತದೆ, ಇನ್ನೊಂದು ತಡಮಾಡುತ್ತದೆ.

ಇಂಗ್ಲೆಂಡಿನಲ್ಲಿ ಬೇಸಗೆಯ ಮತ್ತು ಚಳಿಗಾಲದ ಹಗಲುಗಳ ಅಂತರ ಎಂಟೊಂಬತ್ತು ಗಂಟೆ. ಮಂಡ್ಯದ ಸೀಮೆಯಲ್ಲಿ ಸುಮಾರು ಒಂದೂವರೆ ಗಂಟೆ ಮಾತ್ರ. ಇಷ್ಟು ಅಲ್ಪ ಅಂತರವನ್ನು ಹಕ್ಕಿ ಗ್ರಹಿಸಬಲ್ಲುದೇ ಎಂಬ ಸಂದೇಹ ಸಹಜ. ಪನಾಮಾದ ಕಾಡುಹಕ್ಕಿಯೊಂದು ಇದಕ್ಕಿಂತ ಚಿಕ್ಕ ಏರಿಳಿತಕ್ಕೂ ಓಗೊಡುವುದನ್ನು 1998ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ನಮ್ಮ ಗೀಜಗದ ಮೇಲೆಯೂ ಬೆಳಕಿನ ಪ್ರಯೋಗಗಳು ನಡೆದಿವೆ. ಥಪ್ಲಿಯಾಲ್ ಮತ್ತು ಸಕ್ಸೇನಾ 1964ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಉದ್ದನೆಯ ಹಗಲಿಗೆ ಬೇಸತ್ತು ಸಂತಾನಗ್ರಂಥಿಗಳು ತಾವಾಗಿ ಕುಗ್ಗುವ ಸ್ಥಿತಿ, ಇತರ ಹಲವು ಹಕ್ಕಿಗಳಲ್ಲಿರುವಂತೆ, ಗೀಜಗದಲ್ಲಿ ಕಂಡುಬರುವುದಿಲ್ಲ. ಅಂತಹ ಹಕ್ಕಿಗೆ ಮಳೆ, ಹಸುರು, ನೇಯಲು ತಕ್ಕ ಹುಲ್ಲು, ಒಪ್ಪುವ ಗೂಡು ಇವೂ ಕಾಲಸೂಚಕಗಳೇ. ಸಲೀಂ ಅಲಿಯವರು ಮುಂಬಯಿ ಬಳಿಯ ಕಿಹೀಮ್‌ನಲ್ಲಿ ಗೀಜಗವನ್ನು ನೋಡಿ 1931ರಲ್ಲಿ ಬರೆದ ಲೇಖನದಿಂದ ತಿಳಿದಂತೆ, ಹೆಣ್ಣುಹಕ್ಕಿ ಅರೆನೇಯ್ದ ಗೂಡುಗಳನ್ನು ಪರೀಕ್ಷಿಸಿ ಒಂದನ್ನು ಒಪ್ಪಿಕೊಳ್ಳುತ್ತದೆ. ಆಮೇಲೆಯೇ ಗಂಡು ಅದನ್ನು ಪೂರ್ಣಗೊಳಿಸುತ್ತದೆ.

ನಾಲೆಯ ನೀರು: ಯಕೃತ್ತು ಮತ್ತು ರಕ್ತ

ಎಚ್ಚೆತ್ತ ಅಂಡಾಶಯ ಈಸ್ಟ್ರೋಜನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಯಕೃತ್ತಿನ ಕೋಶಗಳನ್ನು ಹೊಕ್ಕು ತನ್ನ ಗ್ರಾಹಕ ಪ್ರೋಟೀನಿನೊಡನೆ ಕೂಡಿಕೊಂಡು ಡಿಎನ್‌ಎ ಎಳೆಯ ಮೇಲಿನ ಗೊತ್ತಾದ ಸ್ಥಾನವನ್ನು ಹಿಡಿಯುತ್ತದೆ. ಒಡನೆಯೇ ವೈಟೆಲ್ಲೋಜೆನಿನ್ ಎಂಬ ಪ್ರೋಟೀನಿನ ಜೀನ್ ಕೆಲಸಕ್ಕಿಳಿಯುತ್ತದೆ. ಈ ಜೀನ್ ಗಂಡಿನಲ್ಲಿಯೂ ಇದೆ, ಆದರೆ ನಿದ್ರಿಸುತ್ತಿರುತ್ತದೆ. ಹುಂಜಕ್ಕೆ ಈಸ್ಟ್ರೋಜನ್ ಚುಚ್ಚಿದರೆ ಅದರ ಯಕೃತ್ತೂ ವೈಟೆಲ್ಲೋಜೆನಿನ್ ತಯಾರಿಸಲಾರಂಭಿಸುವುದೇ ಇದಕ್ಕೆ ಸಾಕ್ಷಿ. ಯಕೃತ್ತು ಇದರೊಡನೆ ಕೊಬ್ಬನ್ನು ಹೊತ್ತ ಅತಿಸೂಕ್ಷ್ಮ ಕಣಗಳನ್ನೂ ಕಟ್ಟಿ ರಕ್ತಕ್ಕೆ ಸೇರಿಸುತ್ತದೆ. ಇವೆರಡೂ ಮುಂದೆ ಹಳದಿ ಲೋಳೆಯಾಗತಕ್ಕ ಸಾಮಗ್ರಿ.

ರಕ್ತದಲ್ಲಿ ಈ ಸಾಮಗ್ರಿ ಹೆಚ್ಚಿದ್ದ ಹಕ್ಕಿ ಹೆಚ್ಚು ಅಥವಾ ದೊಡ್ಡ ಮೊಟ್ಟೆ ಇಡಬೇಕೆಂಬುದು ಸಹಜವಾದ ಊಹೆ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾನಿಲಯದ ಟೋನಿ ವಿಲಿಯಮ್ಸ್ ಮತ್ತು ಅವರ ಸಂಗಡಿಗರು ಸ್ಟಾರ್ಲಿಂಗ್ ಮತ್ತು ಜೀಬ್ರಾ ಫಿಂಚ್‌ಗಳ ರಕ್ತವನ್ನು ಹಲವು ವರ್ಷ ಅಳೆದು ನೋಡಿದರು. ಒಂದೇ ಹಂತದಲ್ಲಿರುವ ಹೆಣ್ಣುಗಳ ನಡುವೆ ಈ ಸಾಮಗ್ರಿಯ ಪ್ರಮಾಣದಲ್ಲಿ ಬಹಳ ಅಂತರ ಕಂಡಿತು. ಆದರೆ ಆ ಅಂತರದಿಂದ ಮೊಟ್ಟೆಯ ಗಾತ್ರವನ್ನಾಗಲಿ ಸಂಖ್ಯೆಯನ್ನಾಗಲಿ ಮುಂಗಾಣಲು ಆಗಲಿಲ್ಲ. ಹಾಗೆಂದು ಈಸ್ಟ್ರೋಜನ್‌ಗೆ ಮಹತ್ತ್ವವಿಲ್ಲವೆಂದಲ್ಲ. ಅದರ ಕ್ರಿಯೆಯನ್ನು ತಡೆಯುವ ಔಷಧವನ್ನು ಕೊಟ್ಟಾಗ ಜೀಬ್ರಾ ಫಿಂಚ್‌ಗಳ ಮೊಟ್ಟೆಗಳು ಚಿಕ್ಕವಾದವು. ನಾಲೆ ಬತ್ತಿದರೆ ಬೆಳೆ ಸೊರಗುವುದು ನಿಜ; ಆದರೆ ನಾಲೆಯ ನೀರಿನ ಮಟ್ಟವನ್ನು ನೋಡಿ ಗದ್ದೆಯ ಇಳುವರಿಯನ್ನು ಹೇಳಲಾಗದು.

ತೂಬು: ಅಂಡಚೀಲದ ಗ್ರಾಹಕ

ರಕ್ತದಲ್ಲಿ ಬಂದ ಸಾಮಗ್ರಿಯನ್ನು ಅಂಡದೊಳಕ್ಕೆ ಎಳೆದುಕೊಳ್ಳುವುದು ಅಂಡದ ಹೊರಪೊರೆಯಲ್ಲಿರುವ ಒಂದು ಗ್ರಾಹಕ ಪ್ರೋಟೀನು. ವೈಟೆಲ್ಲೋಜೆನಿನ್‌ಗೂ ಕೊಬ್ಬಿನ ಕಣಗಳಿಗೂ ಇದೊಂದೇ ದ್ವಾರ. ಈ ದ್ವಾರ ಕೆಟ್ಟರೆ ಏನಾಗುತ್ತದೆಂಬುದಕ್ಕೆ ಕೋಳಿಯಲ್ಲಿ ಒಂದು ಉದಾಹರಣೆಯಿದೆ. ಲೆಗ್‌ಹಾರ್ನ್ ಕೋಳಿಗಳ ಒಂದು ವಂಶದಲ್ಲಿ ಕೆಲವು ಹೆಣ್ಣುಗಳು ಆರೋಗ್ಯವಾಗಿ ಬೆಳೆದರೂ ಮೊಟ್ಟೆಯನ್ನೇ ಇಡುತ್ತಿರಲಿಲ್ಲ. ಅವುಗಳ ರಕ್ತ ಕೊಬ್ಬಿನಿಂದ ಹಾಲಿನಂತೆ ಬೆಳ್ಳಗಾಗಿರುತ್ತಿತ್ತು. ವಿಯೆನ್ನಾದ ಸಂಶೋಧಕರು 1995ರಲ್ಲಿ ಇದರ ಮೂಲವನ್ನು ಕಂಡುಹಿಡಿದರು. ಗ್ರಾಹಕದ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಪ್ರೋಟೀನಿನ ಉದ್ದ ಸರಪಣಿಯಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಜಾಗದಲ್ಲಿ ಸೆರೀನ್ ಬಂದು ಕುಳಿತಿತ್ತು. ಯಕೃತ್ತು ತನ್ನ ಕೆಲಸವನ್ನು ತಪ್ಪಿಸಿರಲಿಲ್ಲ. ನಾಲೆ ತುಂಬಿ ಹರಿಯುತ್ತಿತ್ತು. ತೂಬು ಮಾತ್ರ ಮುಚ್ಚಿತ್ತು.

ಕಾಡಿನ ಹಕ್ಕಿಗಳಲ್ಲಿ ಇಂತಹ ಘೋರ ದೋಷ ಉಳಿಯಲಾರದು. ಅದನ್ನು ಹೊತ್ತ ಹೆಣ್ಣಿಗೆ ಸಂತತಿಯೇ ಇರುವುದಿಲ್ಲ. ಉಳಿಯಬಲ್ಲವು ಚಿಕ್ಕಪುಟ್ಟ ಭೇದಗಳು. ಪಕ್ಷಿಗಳ ಮೊಟ್ಟೆಯ ಗಾತ್ರದ ಬಗೆಗಿನ ಅಧ್ಯಯನಗಳನ್ನೆಲ್ಲ ಕಲೆಹಾಕಿ 2002ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಗಮನಾರ್ಹ. ಒಂದೇ ಜಾತಿಯ ಒಂದೇ ತಾಣದ ಹಕ್ಕಿಗಳಲ್ಲಿ ಅತ್ಯಂತ ದೊಡ್ಡ ಮೊಟ್ಟೆ ಅತ್ಯಂತ ಚಿಕ್ಕದಕ್ಕಿಂತ ಸಾಮಾನ್ಯವಾಗಿ ಒಂದೂವರೆ ಪಟ್ಟಾದರೂ ಇರುತ್ತದೆ. ಈ ವ್ಯತ್ಯಾಸದ ಶೇಕಡ 70ರಷ್ಟು ಪಾಲು ಒಂದು ಗೂಡಿಗೂ ಇನ್ನೊಂದು ಗೂಡಿಗೂ ನಡುವಿನದೇ ಹೊರತು ಒಂದೇ ಗೂಡಿನ ಮೊಟ್ಟೆಗಳ ನಡುವಿನದಲ್ಲ. ಅರ್ಥಾತ್, ಮೊಟ್ಟೆಯ ಗಾತ್ರ ಆಯಾ ಹೆಣ್ಣಿನ ಸ್ವಭಾವಸಿದ್ಧ ಗುಣ. ಅದು ವರ್ಷ ಕಳೆದರೂ ಬಹುಮಟ್ಟಿಗೆ ಹಾಗೆಯೇ ಇರುತ್ತದೆ.

ಎಷ್ಟಕ್ಕೆ ನಿಲ್ಲಬೇಕು?

ಸಂಖ್ಯೆಯ ಕಥೆ ಬೇರೆ. ಊರಿನ ನಾಟಿಕೋಳಿ ಕಾವಿಗೆ ಕುಳಿತರೆ ಮೊಟ್ಟೆ ನಿಲ್ಲುವುದನ್ನೂ, ಇಟ್ಟ ಮೊಟ್ಟೆಯನ್ನು ಎತ್ತುತ್ತಿದ್ದರೆ ಇನ್ನಷ್ಟು ದಿನ ಇಡುವುದನ್ನೂ ಗೃಹಿಣಿಯರು ಬಲ್ಲರು. ಇದರ ಹಿಂದಿರುವುದು ಪಿಟ್ಯೂಟರಿಯಿಂದ ಬರುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು. ಕಾವಿನ ಬಯಕೆಯನ್ನು ಹುಟ್ಟಿಸುವ ಇದು ಹೆಚ್ಚಿದಂತೆ ಅಂಡಾಶಯ ಕುಗ್ಗುತ್ತದೆ. ಮೊಟ್ಟೆಗಾಗಿಯೇ ಆಯ್ದು ಬೆಳೆಸಿದ ಲೆಗ್‌ಹಾರ್ನ್ ತಳಿಗಳು ಕಾವಿನ ಗುಣವನ್ನು ಬಹುಮಟ್ಟಿಗೆ ಕಳೆದುಕೊಂಡಿರುವುದು ಇದೇ ಕಾರಣಕ್ಕೆ. ಜೀಬ್ರಾ ಫಿಂಚ್‌ನಲ್ಲಿ ಹೇವುಡ್ 1993ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಮೊದಲು ಇಟ್ಟ ಮೊಟ್ಟೆಗಳು ಹಕ್ಕಿಯ ಎದೆಗೆ ತಾಗುವ ಸ್ಪರ್ಶವೇ ಹಿಂದಿನ ಸಾಲಿನ ಅಂಡಚೀಲಗಳ ಬೆಳವಣಿಗೆಗೆ ತಡೆಯೊಡ್ಡುವ ಸೂಚನೆ. ಸ್ಪರ್ಶದಿಂದ ತಡೆಗೆ ನಡುವೆ ಎಷ್ಟು ಕಾಲ ಹಿಡಿಯುತ್ತದೆಂಬುದರ ಮೇಲೆ ಒಂದು ಮೊಟ್ಟೆ ಹೆಚ್ಚೋ ಕಡಿಮೆಯೋ ಎಂಬುದು ನಿಂತಿರುತ್ತದೆ.

ವಂಶ ಮತ್ತು ನೆಲ

ಇಂತಹ ಭೇದ ತಾಯಿಯಿಂದ ಮಗಳಿಗೆ ಇಳಿದುಬರುತ್ತದೆಯೇ? ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ ಗ್ರೇಟ್ ಟಿಟ್ ಎಂಬ ಪುಟ್ಟ ಹಾಡುಹಕ್ಕಿಯ ಗೂಡುಗಳನ್ನು 1947ರಿಂದ ವರ್ಷವೂ ಬಿಡದೆ ನೋಡಲಾಗುತ್ತಿದೆ. ತಾಯಿ ಮತ್ತು ಮಗಳ ಮೊಟ್ಟೆಗಳ ಸಂಖ್ಯೆಯನ್ನು ಹೋಲಿಸಿದ ಪೆರಿನ್ಸ್ ಮತ್ತು ಜೋನ್ಸ್ 1974ರಲ್ಲಿ, ಈ ವ್ಯತ್ಯಾಸದ ಸುಮಾರು ಅರ್ಧಪಾಲು ಆನುವಂಶಿಕವೆಂದು ಅಂದಾಜು ಮಾಡಿದರು. ಹಾಗಾದರೆ ಅದಕ್ಕೆ ಕಾರಣವಾದ ಜೀನ್ ಯಾವುದು? 2013ರಲ್ಲಿ ಅದೇ ಕಾಡಿನ ಹಕ್ಕಿಗಳ ಡಿಎನ್‌ಎಯನ್ನು ಜಾಲಾಡಿದಾಗ, ಮೊಟ್ಟೆಯ ಸಂಖ್ಯೆಯನ್ನು ಆಳುವ ಒಂದು ಪ್ರಬಲ ಜೀನ್ ಕೈಗೆ ಸಿಗಲಿಲ್ಲ; ಅನೇಕ ವರ್ಣತಂತುಗಳಲ್ಲಿ ಹಂಚಿಹೋದ ಸಣ್ಣ ಸಣ್ಣ ಪ್ರಭಾವಗಳ ಚಿತ್ರವೇ ಕಂಡಿತು. ಬಾಗಿಲು, ನಾಲೆ, ತೂಬುಗಳ ಸರಣಿಯನ್ನು ಬಲ್ಲವರಿಗೆ ಇದು ಆಶ್ಚರ್ಯದ ಸಂಗತಿಯಲ್ಲ.

ಮಿಕ್ಕ ಪಾಲು ನೆಲಕ್ಕೂ ಋತುಮಾನಕ್ಕೂ ಸೇರಿದ್ದು. ಬರಿಯ ಕಾಳು ತಿಂದ ಜೀಬ್ರಾ ಫಿಂಚ್‌ಗಳಿಗಿಂತ ಪ್ರೋಟೀನು ತುಂಬಿದ ಮೇವು ದೊರೆತವು ಹೆಚ್ಚು ಮೊಟ್ಟೆಯಿಟ್ಟದ್ದನ್ನು 1996ರ ಪ್ರಯೋಗವೊಂದು ತೋರಿಸಿತು. ಕೊರತೆ ಬಿದ್ದಾಗ ಹೆಣ್ಣು ತನ್ನ ಹಾರುವ ಸ್ನಾಯುವಿನ ಪ್ರೋಟೀನನ್ನೇ ಕರಗಿಸಿ ಮೊಟ್ಟೆಗೆ ಎರೆಯುತ್ತದೆ. ಚಿಪ್ಪಿಗೆ ಬೇಕಾದ ಸುಣ್ಣದ ವಿಷಯವೂ ಅಷ್ಟೇ. ಹಾಡುಹಕ್ಕಿಗಳು ಅದನ್ನು ಮೂಳೆಯಲ್ಲಿ ಹೆಚ್ಚು ಕೂಡಿಟ್ಟುಕೊಳ್ಳಲಾರವು; ಮೊಟ್ಟೆಯಿಡುವ ದಿನಗಳಲ್ಲೇ ಹುಡುಕಿ ತಿನ್ನಬೇಕು. ಹಾಲೆಂಡಿನ ಕೆಲವು ಕಾಡುಗಳಲ್ಲಿ ಮಣ್ಣು ಹುಳಿಯೇರಿ ಬಸವನಹುಳುಗಳು ವಿರಳವಾದಾಗ ಗ್ರೇಟ್ ಟಿಟ್‌ಗಳ ಮೊಟ್ಟೆಯ ಚಿಪ್ಪು ತೆಳುವಾಗಿ ಒಡೆಯತೊಡಗಿತೆಂದೂ, ಬಸವನಹುಳುವಿನ ಚಿಪ್ಪನ್ನು ಒದಗಿಸಿದಾಗ ಆ ದೋಷ ನೀಗಿತೆಂದೂ 1994ರಲ್ಲಿ ವರದಿಯಾಯಿತು. ನಾವು ಹೆಜ್ಜೆ ತಾಗಿದರೂ ಗಮನಿಸದ ಬಸವನಹುಳು ಒಂದು ಹಕ್ಕಿಯ ಮೊಟ್ಟೆಗೆ ಕವಚವನ್ನು ಕೊಡುತ್ತಿದೆ.

ಹೆಚ್ಚಿನದಕ್ಕೆ ತೆರಬೇಕಾದ ಬೆಲೆ

ಹಾಗಾದರೆ ಎಲ್ಲ ಹೆಣ್ಣುಗಳೂ ಹೆಚ್ಚು ಮೊಟ್ಟೆಯಿಡುವ ದಿಕ್ಕಿಗೆ ಏಕೆ ಬದಲಾಗಿಲ್ಲ? ಇದಕ್ಕೆ ಉತ್ತರವೂ ಅಣುಗಳಲ್ಲಿಯೇ ಇದೆ. ಹಳದಿ ಲೋಳೆಯ ಸಾಮಗ್ರಿಯನ್ನು ಹೆಚ್ಚಿಸುವ ಈಸ್ಟ್ರೋಜನ್, ಅದೇ ವೇಳೆಗೆ ರಕ್ತದ ಕೆಂಪುಕಣಗಳ ಸಾಂದ್ರತೆಯನ್ನು ತಗ್ಗಿಸುತ್ತದೆ. ಮೊಟ್ಟೆಯಿಡುವ ಜೀಬ್ರಾ ಫಿಂಚ್‌ಗಳು ರಕ್ತಹೀನತೆಗೆ ಒಳಗಾಗುವುದನ್ನು ವಿಲಿಯಮ್ಸ್ ಬಳಗದವರೇ ತೋರಿಸಿದ್ದಾರೆ. ಒಂದೇ ಅಣು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಳ್ಳುತ್ತದೆ. ಗ್ರೇಟ್ ಟಿಟ್ ಹೆಣ್ಣುಗಳಿಂದ ಹೆಚ್ಚುವರಿ ಮೊಟ್ಟೆಗಳನ್ನು ಇಡಿಸಿ, ಕಾವು ಕೊಡಿಸಿ, ಮರಿಗಳನ್ನು ಸಾಕಿಸಿದಾಗ ಅವು ಮುಂದಿನ ವರ್ಷಕ್ಕೆ ಉಳಿಯುವ ಸಂಭವ ಕುಗ್ಗಿತೆಂದು 2001ರಲ್ಲಿ ವರದಿಯಾಯಿತು. ಗೀಜಗದಲ್ಲಿ ಹದಿನಾಲ್ಕು ಹದಿನೈದು ದಿನ ಕಾವು ಕೊಡುವುದು ಹೆಣ್ಣೊಂದೇ. ಮರಿಗಳ ಪೋಷಣೆಯ ಹೊರೆಯೂ ಬಹುಪಾಲು ಅದರದೇ.

ಸಮೃದ್ಧಿಯ ವರ್ಷದಲ್ಲಿ ನಾಲ್ಕಿಟ್ಟ ಹಕ್ಕಿ ಗೆಲ್ಲಬಹುದು. ಮಳೆ ಕೈಕೊಟ್ಟ ವರ್ಷ ಎರಡಿಟ್ಟು ಎರಡನ್ನೂ ಸಾಕಿ, ತಾನೂ ಉಳಿದು, ಮರುವರ್ಷ ಮತ್ತೆ ಗೂಡು ಹೊಕ್ಕ ಹಕ್ಕಿ ಗೆಲ್ಲಬಹುದು. ವರ್ಷಗಳು ಒಂದೇ ಬಗೆಯವಲ್ಲವಾದ್ದರಿಂದ ಎರಡು ಬಗೆಯ ಒಡಲುಗಳೂ ಉಳಿದುಬಂದಿವೆ. ತಾರತಮ್ಯವೆಂದು ಕಾಣುವುದು ಒಟ್ಟು ಸಂತತಿಯ ಪಾಲಿಗೆ ಕಾಪಿಟ್ಟ ಬಂಡವಾಳ.

ಈ ಬಯಲಿಗೆ ಇದರ ಅನ್ವಯ

ಈ ನಾಲ್ಕು ತಾಲ್ಲೂಕುಗಳ ಭೂಮಿ ಇಂತಹ ವಿಷಯದ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಒಂದು ದಿನದ ಸೈಕಲ್ ದಾರಿಯಲ್ಲಿ ಕಾವೇರಿಯ ಗದ್ದೆಬಯಲು, ತೊಣ್ಣೂರು ಕೆರೆಯ ಅಂಚು, ಮೇಲುಕೋಟೆಯ ಕಲ್ಲುಗುಡ್ಡ, ನಾಗಮಂಗಲದ ರಾಗಿ ಹೊಲ ಎಲ್ಲವೂ ಸಿಗುತ್ತವೆ. ಅಣುಗಳನ್ನು ಅಳೆಯುವ ಸಲಕರಣೆ ಗ್ರಾಮದ ಶಾಲೆಯಲ್ಲಿ ಇರಲಾರದು. ಆದರೆ ಯಾವ ಮರದಲ್ಲಿ ಎಷ್ಟು ಗೂಡುಗಳು, ಎಷ್ಟು ಪೂರ್ಣಗೊಂಡವು, ಎಷ್ಟು ಅರ್ಧಕ್ಕೇ ನಿಂತವು, ಮಳೆ ಬಿದ್ದ ಎಷ್ಟನೆಯ ದಿನ ಹೆಣ್ಣುಗಳು ಬಂದವು ಎಂಬುದನ್ನು ದೂರದಿಂದಲೇ ನೋಡಿ ವರ್ಷವರ್ಷವೂ ಬರೆದಿಡಲು ಒಂದು ನೋಟ್‌ಬುಕ್ಕು, ಒಬ್ಬ ಆಸಕ್ತ ಉಪಾಧ್ಯಾಯರು ಸಾಕು. ವೈಥಮ್ ಕಾಡಿನ ಖ್ಯಾತಿಯೂ ಮೊದಲಾದದ್ದು ಇಂತಹ ಎಣಿಕೆಯಿಂದಲೇ. ಗೂಡಿಗೆ ಮಾತ್ರ ಕೈ ಹಚ್ಚಬಾರದು. ಕಾಡುಹಕ್ಕಿಗಳ ಗೂಡು, ಮೊಟ್ಟೆಗಳನ್ನು ಕೆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.

ಹಕ್ಕಿಯ ಜೀನುಗಳನ್ನು ಬದಲಿಸುವುದು ರೈತನ ಕೈಯಲ್ಲಿಲ್ಲ, ಬೇಕಾದದ್ದೂ ಅಲ್ಲ. ಆದರೆ ಬಾವಿಯಂಚಿನ ಜಾಲಿಯನ್ನು ಉಳಿಸುವುದು, ಬದುವಿನ ಹುಲ್ಲನ್ನು ಪೂರ್ತಿ ಸುಡದಿರುವುದು, ಕೀಟಗಳನ್ನೂ ಬಸವನಹುಳುಗಳನ್ನೂ ನಿರ್ಮೂಲ ಮಾಡುವ ವಿಷವನ್ನು ಮಿತಿಮೀರಿ ಸಿಂಪಡಿಸದಿರುವುದು ಅವನ ಕೈಯಲ್ಲಿದೆ. ತೂಬು, ನಾಲೆಗಳೆಲ್ಲ ಸರಿಯಿದ್ದರೂ ಜಲಾಶಯದಲ್ಲಿ ನೀರಿಲ್ಲದಿದ್ದರೆ ಫಲವಿಲ್ಲ. ಹಕ್ಕಿಗೆ ಆ ಜಲಾಶಯವೆಂದರೆ ಈ ಬಯಲೇ. ಮುಂದಿನ ಮುಂಗಾರಿನಲ್ಲಿ ನಾಲೆಯ ಮೇಲೆ ಗೂಡುಗಳು ತೂಗುವಾಗ, ಒಂದರೊಳಗೆ ಎರಡು, ಮತ್ತೊಂದರೊಳಗೆ ನಾಲ್ಕು ಮೊಟ್ಟೆಗಳಿರುತ್ತವೆ. ಅವೆರಡೂ ಲೆಕ್ಕ ತಪ್ಪಿದ ಗೂಡುಗಳಲ್ಲ. ತಮ್ಮ ತಮ್ಮ ಒಡಲು ಬಲ್ಲಂತೆ ಲೆಕ್ಕ ಹಾಕಿದ ಗೂಡುಗಳು.